ಅಪ್‌ಡೇಟ್: ಡ್ರೋನ್ ವಿಡಿಯೊದ ಕಪ್ಪು ಪಟ್ಟಿಗಳು ಹೋದವು

ಮಾರಾಟಕ್ಕಿರುವ ಮನೆಗಳನ್ನು ಡ್ರೋನ್‌ನಿಂದ ಚಿತ್ರೀಕರಿಸುವಾಗ ಆಕಾಶದಲ್ಲಿ ಕಪ್ಪು ಅಡ್ಡಪಟ್ಟಿಗಳು ಮಿನುಗುತ್ತವೆ ಎಂದು ಹೋದ ವಾರ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

"ಅದು ರೆಕ್ಕೆಗಳ ನೆರಳು, ಸೂರ್ಯನತ್ತ ಕ್ಯಾಮೆರಾ ತಿರುಗಿಸಬೇಡಿ" ಎಂದವರ ಮಾತೇ ನಿಜ. ಬಿಸಿಲು ಎದುರಿನಿಂದ ಬಂದಾಗ ತಿರುಗುವ ರೆಕ್ಕೆಗಳ ನೆರಳು ಲೆನ್ಸ್ ಮೇಲೆ ಬೀಳುತ್ತದೆ. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಅದು ಪಟ್ಟಿಯಾಗಿ ಮೂಡುತ್ತದೆ. ಪೂರ್ವಕ್ಕೆ ಮುಖವಿರುವ ಮನೆಯನ್ನು ಬೆಳಿಗ್ಗೆ, ಪಶ್ಚಿಮದ್ದನ್ನು ಸಂಜೆ ಚಿತ್ರೀಕರಿಸಿದೆ. ಪಟ್ಟಿಯ ಸುಳಿವೇ ಇಲ್ಲ, ಮುಂಭಾಗಕ್ಕೆ ಬೆಳಕೂ ಚೆನ್ನಾಗಿ ಬಿತ್ತು.

ಕ್ಯಾಮೆರಾದ ಮಿನುಗು ತಡೆಯುವ ಆಯ್ಕೆಯಾದ ಆಂಟಿ ಫ್ಲಿಕರ್ ಅನ್ನು 50 ಹರ್ಟ್ಸ್‌ಗೆ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಅದು ವಿದ್ಯುತ್ ದೀಪಗಳ ಮಿನುಗಿಗೆ ಮದ್ದು. ಲೆನ್ಸ್‌ಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು, ಅಂದರೆ ಎನ್‌ಡಿ 16 ಫಿಲ್ಟರ್, ಅರ್ಧ ಕೆಲಸ ಮಾಡಿತು: ಶಟರ್ ವೇಗ 1/60 ಸೆಕೆಂಡಿಗೆ ಇಳಿದಾಗ ಪಟ್ಟಿಗಳು ಮಸುಕಾದವು, ಅಳಿಯಲಿಲ್ಲ. ಹೊಸ ರೆಕ್ಕೆ ಕೊಳ್ಳಿ ಎಂದವರಿಗೆ ನಮಸ್ಕಾರ ಮಾತ್ರ.

ಅಚ್ಚರಿ ತಂದದ್ದು ಎತ್ತರದ ವಿಷಯ. ನೂರು ಮೀಟರ್ ಮೇಲಿನ ಭರ್ಜರಿ ನೋಟಗಳನ್ನು ಬಿಟ್ಟು ಮಾಲೀಕರು ಆರಿಸಿದ್ದು ಎಂಟು ಮೀಟರ್‌ನ ಚಿತ್ರವನ್ನು. ಮೇಲೇರಿದಷ್ಟೂ ಮನೆ ಬರೀ ಛಾವಣಿಯಾಗಿಬಿಡುತ್ತದೆ!

ಇಡೀ ದಿನ ಸೂರ್ಯ ಹಿತ್ತಲಲ್ಲೇ ಇರುವ ಮನೆಯೊಂದು ಬಾಕಿ ಇದೆ. ಅದಕ್ಕೆ ತೆಳುಮೋಡದ ದಿನಕ್ಕಾಗಿ ಕಾಯುತ್ತಿದ್ದೇನೆ.