ಗೆಳೆಯರ ಮುಖಚಿತ್ರ, ಮೂರು ದಿನದಾಗ ಹೆಂಗ?

ಪ್ರಶ್ನೆ (ವಿಜಯಪುರ): ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ ಗೆಳೆಯರನ್ನ ಒಂದೇ ಕುರ್ಚಿ ಮ್ಯಾಲೆ ಕೂಡಿಸಿ, ಒಬ್ಬೊಬ್ಬರ ಚಿತ್ರ ಸುಮಾರು ಮೂರು ದಿನದಾಗ ಅಕ್ರಿಲಿಕ್‌ನಿಂದ (ನೀರಿನ್ಯಾಗ ಕಲಸೋ, ಲಗೂನ ಒಣಗೋ ಬಣ್ಣ) ಬರದರಲ್ಲ, ಹಂಗ ಬರಿಯೋದು ಹೆಂಗ್ರಿ? ಇಲ್ಲಿ ಬ್ಯಾಸಗಿಗೆ ಬಣ್ಣ ತಟ್ಟ್ಯಾಗ ಒಣಗ್ತದ.

ಉತ್ತರ 1: ಮೊದಲ ದಿನ ಇದ್ದಿಲಿನ ರೇಖೆ ಅಷ್ಟ. ಕುರ್ಚಿ ಕಾಲು, ಕುಂತವರ ಪಾದದ ಸುತ್ತ ಸೀಮೆಸುಣ್ಣದ ಗೆರಿ ಹಾಕ್ರಿ. ಚಹಾ ಕುಡದು ಬಂದು ಒಂದಿಂಚು ಸರದು ಕುಂತರೂ ದವಡಿ ರೇಖೆ ತಪ್ತದ. 25 ನಿಮಿಷಕ್ಕೊಮ್ಮೆ ಬಿಡುವು ಬೇಕೇಬೇಕು.

ಉತ್ತರ 2: ಅಗಲ ಡಬ್ಬ್ಯಾಗ ಹಸಿ ಬಟ್ಟಿ, ಅದರ ಮ್ಯಾಲೆ ಬಟರ್ ಪೇಪರ್ ಹಾಸಿ ಬಣ್ಣ ಇಡ್ರಿ. ಫ್ಯಾನ್ ಬಂದ್. ನೀರು ಭಾಳಾದ್ರ ಬಣ್ಣದ ಹಿಡಿತ ಹೋಗ್ತದ.

ಉತ್ತರ 3: ಚರ್ಮಕ್ಕ ಬಿಳಿ ಸುರುವಬ್ಯಾಡ್ರಿ, ಬೂದಿ ಬಡಕೊಂಡಂಗ ಕಾಣ್ತದ. ಬರ್ನ್ಟ್ ಸಿಯೆನ್ನಾ (ಕೆಂಪುಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸಾಕು. ನೆರಳಿಗೆ ಕಪ್ಪಲ್ಲ, ಅಲ್ಟ್ರಾಮರೀನ್ (ಗಾಢ ನೀಲಿ). ಅಕ್ರಿಲಿಕ್ ಒಣಗಿದಮ್ಯಾಲೆ ಗಾಢ ಆಗ್ತದ, ತುಸು ತಿಳಿಯಾಗೇ ಕಲಸ್ರಿ.