ಬೆಂಗಳೂರು ಮೆಟ್ರೊ ಹಳದಿ ಮಾರ್ಗಕ್ಕೆ ಐದನೇ ರೈಲು: ಬ್ಯಾಚ್ ಗುಂಪಿನಲ್ಲಿ ಭಾನುವಾರದ ಜಗಳ

ಗುಂಪು: ಮೆಕ್ಯಾನಿಕಲ್ ಮತ್ತು ಇಸಿ, 1997 ಬ್ಯಾಚ್
2 ನವೆಂಬರ್ 2025, ಭಾನುವಾರ

ಗಿರೀಶ, ಬೆಳಿಗ್ಗೆ 8:04
(ಹಲವು ಬಾರಿ ಫಾರ್ವರ್ಡ್ ಆದ ಚಿತ್ರ) "ಹಳದಿ ಮಾರ್ಗಕ್ಕೆ ಕೊನೆಗೂ ಐದನೇ ರೈಲು! 25 ನಿಮಿಷ ಕಾಯುತ್ತಿದ್ದವರಿಗೆ ಇನ್ನು 15 ನಿಮಿಷ. ಎರಡು ರೈಲು ಸೇರಿಸಲು ಎರಡೂವರೆ ತಿಂಗಳು ಬೇಕೇ? ಆರು ಬೋಗಿಯ ರೈಲನ್ನು ಮೂರು ಮೂರು ಮಾಡಿದ್ದರೆ ಮೊದಲ ದಿನವೇ 12 ನಿಮಿಷಕ್ಕೊಂದು ಓಡುತ್ತಿತ್ತು. ಎಲ್ಲರಿಗೂ ಕಳಿಸಿ."

ಗಿರೀಶ, 8:05
ಇದಕ್ಕೆ ಉತ್ತರ ಕೊಡ್ರಪ್ಪ ಎಂಜಿನಿಯರುಗಳು.

ವಿಜಯಾ, 8:21
15 ನಿಮಿಷ ಅನ್ನೋದು ಸರಿ. ಮಿಕ್ಕಿದ್ದು ಎರಡೂ ತಪ್ಪು. ಮೊದಲು ಲೆಕ್ಕ ನೋಡು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರ ಸುಮಾರು 19 ಕಿ.ಮೀ., 16 ನಿಲ್ದಾಣ. ಹೋಗಿ, ತುದಿಯಲ್ಲಿ ತಿರುಗಿ, ವಾಪಸ್ ಬಂದು ಮತ್ತೆ ಹೊರಡೋಕೆ ಸಿದ್ಧ ಆಗೋದಕ್ಕೆ ಹತ್ತಿರ ಹತ್ತಿರ 75 ನಿಮಿಷ. ಆ 75ನ್ನು ರೈಲುಗಳ ಸಂಖ್ಯೆಯಿಂದ ಭಾಗಿಸು. ಆಗಸ್ಟ್ 11ಕ್ಕೆ ಮೂರು ರೈಲು: 25 ನಿಮಿಷ. ಸೆಪ್ಟೆಂಬರ್‌ನಲ್ಲಿ ನಾಲ್ಕು: 18.75, ಅವರು ಹೇಳಿದ್ದು 19. ಈಗ ಐದು: 15. ಪ್ರಕಟಣೆಯ ಅಂಕಿಗಳೆಲ್ಲ ಈ ಒಂದೇ ಭಾಗಾಕಾರದಲ್ಲಿ ಬರುತ್ತವೆ.

ಮಂಜು, 8:26
ಅಂದ್ರೆ ಆರನೇದು ಬಂದ್ರೆ ಹನ್ನೆರಡೂವರೆ, ಏಳನೇದಕ್ಕೆ ಹತ್ತೂಮುಕ್ಕಾಲು. ಮೊದಲ ಒಂದೆರಡು ರೈಲಿಗೆ ಆರು, ನಾಲ್ಕು ನಿಮಿಷ ಉಳೀತು. ಆಮೇಲಿನ ಒಂದೊಂದಕ್ಕೂ ಉಳಿತಾಯ ಕಮ್ಮಿ ಆಗ್ತಾ ಹೋಗುತ್ತೆ.

ವಿಜಯಾ, 8:28
ಹೌದು. ಆದರೆ ಜನ ಮರೆಯೋ ಇನ್ನೊಂದು ವಿಷಯ ಇದೆ. ಮೂರೇ ರೈಲು ಇದ್ದಾಗ ಒಂದು ಕೆಟ್ಟರೆ 25 ಅಲ್ಲ, ಮೂವತ್ತೇಳೂವರೆ ನಿಮಿಷ. ಬದಲಿಗೆ ಬಿಡೋಕೆ ಡಿಪೋದಲ್ಲಿ ಇನ್ನೊಂದು ಇಲ್ಲ. ಬಾಗಿಲು ಮುಚ್ಚದೆ ಹತ್ತು ನಿಮಿಷ ನಿಂತರೂ ಇಡೀ ದಿನದ ವೇಳಾಪಟ್ಟಿ ಜಾರುತ್ತೆ.

ಗಿರೀಶ, 8:33
ಅದಕ್ಕೇ ಅಲ್ವಾ ನಾನು ಹೇಳ್ತಿರೋದು, ಮೂರು ಬೋಗಿ ಮಾಡಿ ಓಡಿಸಿ ಅಂತ! 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೂರು ಬೋಗಿಯದೇ ತಾನೇ ಓಡಿದ್ದು? ಆಗ ಆಗಿದ್ದು ಈಗ ಯಾಕೆ ಆಗಲ್ಲ?

ಬಸವರಾಜ, 8:40
ಗಿರ್ಯಾ, ಅವು ಮೂರು ಬೋಗಿಗೇ ಅಂತ ಕಟ್ಟಿದ್ದ ಗಾಡಿ. ಎರಡೂ ತುದಿಗೆ ಚಾಲಕನ ಕೋಣೆ ಇದ್ವು. 2018ರಿಂದ ನಡುವ ಹೊಸ ಬೋಗಿ ಸೇರಿಸಿ ಆರು ಮಾಡಿದ್ರು. ಈಗಿನವು ಹುಟ್ಟಿನಿಂದನ ಆರು. ಕೋಣೆ ಇರೋದು ಒಂದನೇ ಬೋಗಿಗೆ, ಆರನೇದಕ್ಕೆ, ಅಷ್ಟ. ನಡುವ ಕತ್ತರಿಸಿದ್ರ ಎರಡು ತುಂಡಿಗೂ ಒಂದ ಕಣ್ಣು. ಹೋಗೂಮುಂದ ಮುಂದ ಕಾಣತೈತಿ, ಬರೂಮುಂದ ಏನ್ ಮಾಡ್ತಿ?

ಬಸವರಾಜ, 8:42
ಮ್ಯಾಲೆ ಸಿಗ್ನಲ್ ಕಂಪ್ಯೂಟರಿಗೆ ಗಾಡಿ ಎಷ್ಟು ಉದ್ದ ಐತಿ ಅಂತ ಗೊತ್ತಿರಬೇಕು. ಹಿಂದಿನ ಗಾಡಿ ಎಲ್ಲಿ ತಡೀಬೇಕು ಅನ್ನೂ ಲೆಕ್ಕ ಅದರ ಮ್ಯಾಲೆ ನಿಂತಿರತೈತಿ. ಉದ್ದ ಬದಲಾತು ಅಂದ್ರ ಬ್ರೇಕ್ ಪರೀಕ್ಷೆ, ಸುರಕ್ಷತಾ ಆಯುಕ್ತರ ಒಪ್ಪಿಗೆ, ಎಲ್ಲಾ ಮತ್ತ ಒಂದರಿಂದ ಶುರು.

ಗಿರೀಶ, 8:45
ಸರಿ, ಕತ್ತರಿಸೋದು ಬೇಡ. ಹಸಿರು ಮಾರ್ಗದಿಂದ ನಾಲ್ಕು ತಂದು ಬಿಡಬಹುದಿತ್ತು. ಗೇಜ್ ಒಂದೇ, ಮೂರನೇ ಹಳಿಯಲ್ಲಿ 750 ವೋಲ್ಟ್ ಒಂದೇ.

ಬಸವರಾಜ, 8:49
ಹಳಿ ಒಂದ, ಕರೆಂಟ್ ಒಂದ, ಮಾತು ಬ್ಯಾರೆ. ನೇರಳೆ, ಹಸಿರು ಹಳೇ ಪದ್ಧತಿ, ಡಿಟಿಜಿ. ಹಳಿಯನ್ನ ಭಾಗ ಭಾಗ ಮಾಡಿ, ಮುಂದ ಎಷ್ಟು ಭಾಗ ಖಾಲಿ ಅದಾವು ಅಂತ ಗಾಡಿಗೆ ಹೇಳತೈತಿ. ಹಳದಿ ಸಿಬಿಟಿಸಿ. ಗಾಡಿನೇ ರೇಡಿಯೋದಾಗ "ನಾ ಇಲ್ಲಿ ಅದೀನಿ" ಅಂತ ಕೂಗ್ಕೊಂತ ಓಡತೈತಿ. ಕೂಗೂ ಪೆಟ್ಟಿಗೆ ಇಲ್ಲದ ಗಾಡಿ ಈ ಹಳಿಗೆ ಕುರುಡು, ಮೂಕ ಎರಡೂ.

ಮಂಜು, 8:52
ಅದೂ ಅಲ್ದೆ ಹಸಿರು ಮಾರ್ಗದಲ್ಲಿ ಎಲ್ಲಿದೆಯೋ ಹೆಚ್ಚುವರಿ? 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರಕ್ಕೆ 3 ಕಿ.ಮೀ. ಚಿಲ್ಲರೆ ಸೇರಿಸಿದ್ರು. ಮೂರು ನಿಲ್ದಾಣ, ಇದ್ದ ರೈಲಿನಲ್ಲೇ. ಹೋಗಿ ಬರೋಕೆ ಹನ್ನೆರಡು ನಿಮಿಷ ಹೆಚ್ಚಾಯ್ತು ಅಂತ ಇಟ್ಕೋ. ಐದು ನಿಮಿಷಕ್ಕೊಂದು ಬಿಡಬೇಕು ಅಂದ್ರೆ ಎರಡೂವರೆ ರೈಲು ಅಲ್ಲೇ ನುಂಗಿಹೋಯ್ತು. ಮಾರ್ಗ ಉದ್ದ ಮಾಡೋರು ಹಳಿ, ಕಂಬ, ನಿಲ್ದಾಣ ಎಣಿಸ್ತಾರೆ, ಈ ನುಂಗುವಿಕೆ ಎಣಿಸಲ್ಲ.

ವಿಜಯಾ, 8:57
ಎಣಿಸಿದ್ದರು ಮಂಜು. 2019ರ ಡಿಸೆಂಬರ್ ಗುತ್ತಿಗೆಯಲ್ಲಿ 216 ಬೋಗಿ. 126 ಬೋಗಿ, ಅಂದರೆ 21 ರೈಲು, ನೇರಳೆ ಹಸಿರಿನ ವಿಸ್ತರಣೆಗೇ ಅಂತ. ಉಳಿದ 90, ಅಂದರೆ 15 ರೈಲು, ಹಳದಿಗೆ. ಎಣಿಕೆ ಸರಿ ಇತ್ತು, ಬೋಗಿ ಬರಲಿಲ್ಲ ಅಷ್ಟೇ. ಹಳಿ ತೆರೀತು, ಗಾಡಿ ಹಿಂದೆ ಬಿತ್ತು.

ಗಿರೀಶ, 9:02
1,578 ಕೋಟಿಗೆ ಅಗ್ಗದಲ್ಲಿ ಬಂತು ಅಂತ ಚೀನಾ ಕಂಪನಿಗೆ ಕೊಟ್ಟಿದ್ದೇ ತಪ್ಪು. ಹೇಳ್ಬಿಡಿ ನೇರವಾಗಿ.

ಮಂಜು, 9:08
ಅಗ್ಗಕ್ಕೆ ಕೊಟ್ಟಿದ್ದಲ್ಲ ತಪ್ಪು ಗಿರೀಶ. ಹೆಚ್ಚಿನ ಬೋಗಿ ಭಾರತದಲ್ಲೇ ತಯಾರಾಗಬೇಕು ಅಂತ ಷರತ್ತು. ಸಿಆರ್‌ಆರ್‌ಸಿಗೆ (ಆ ಚೀನಾ ಕಂಪನಿ) ಇಲ್ಲಿ ಕಾರ್ಖಾನೆ ಇರಲಿಲ್ಲ, ಆಂಧ್ರದ ಶ್ರೀಸಿಟಿಯಲ್ಲಿ ಕಟ್ಟೋ ಯೋಚನೆ ಇತ್ತು. 2020ರ ಏಪ್ರಿಲ್‌ನಲ್ಲಿ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಅನುಮತಿ ಕಡ್ಡಾಯ ಆಯ್ತು. ಜೂನ್‌ನಲ್ಲಿ ಗಲ್ವಾನ್ ಗಡಿ ಸಂಘರ್ಷ. ಆಮೇಲೆ ವೀಸಾ ಬಿಗಿ. ಕಾರ್ಖಾನೆ ಏಳಲೇ ಇಲ್ಲ. ಕೊನೆಗೆ ಬಂಗಾಳದ ಟೀಟಾಗಢ ಕಂಪನಿ ಜೊತೆ ಒಪ್ಪಂದ. 2024ರ ಫೆಬ್ರುವರಿಯಲ್ಲಿ ಮೊದಲ ರೈಲು ಚೀನಾದಿಂದ ಚೆನ್ನೈ ಬಂದರಿಗೆ ಬಂತು, ಎರಡನೇದು ಟೀಟಾಗಢದಿಂದ ಬರೋಕೆ ಮತ್ತೊಂದು ವರ್ಷ.

ಮಂಜು, 9:10
ನನ್ನ ಪ್ರಕಾರ ತಪ್ಪು ಇಲ್ಲಿದೆ: ಇಲ್ಲೇ ಕಟ್ಟಬೇಕು ಅಂತ ಷರತ್ತು ಹಾಕಿ, ಇಲ್ಲಿ ಒಂದು ಶೆಡ್ಡೂ ಇಲ್ಲದವರ ಕೈಗೆ ಒಂದೇ ಗುತ್ತಿಗೆಯಲ್ಲಿ 36 ರೈಲು ಕೊಟ್ಟಿದ್ದು. ಎರಡು ಪಾಲು ಮಾಡಿದ್ದರೆ ಒಂದಾದರೂ ಓಡುತ್ತಿತ್ತು.

ವಿಜಯಾ, 9:15
ಅದರಲ್ಲೂ ಎರಡು ಜಾತಿ. 21ಕ್ಕೆ ಡಿಟಿಜಿ, 15ಕ್ಕೆ ಸಿಬಿಟಿಸಿ. ಮೊದಲ ಮಾದರಿ ರೈಲಿನ ಪರೀಕ್ಷೆ ಎರಡೆರಡು ಸಲ ಮಾಡಬೇಕು. ಪಾಲು ಮಾಡಬೇಕಿತ್ತು ಅನ್ನೋದು ಒಪ್ಪುತ್ತೀನಿ, ಆದರೆ ಬಿಡಿಭಾಗ ಎರಡು ಕಂಪನಿಯದಾಗುತ್ತೆ, ಡಿಪೋ ಉಗ್ರಾಣ ದುಪ್ಪಟ್ಟು. ಬಿಟ್ಟಿ ಅಲ್ಲ ಅದು.

ಶ್ರೀಕಾಂತ (ಸಿಯಾಟಲ್), 9:31
ಇಲ್ಲಿ ಉಲ್ಟಾ ಆಯ್ತು ನೋಡಿ. ಲೈಟ್ ರೈಲ್ ಬೋಗಿ ಸಾಕಷ್ಟು ಬಂದಿದ್ದವು, ನಿಲ್ಲಿಸೋಕೆ ಜಾಗ ಸಿಗಲಿಲ್ಲ. ಮೊದಲಿನ 62 ಕಿಂಕಿಶಾರ್ಯೋ ಕಂಪನಿಯವು, ಆಮೇಲೆ 152 ಸೀಮೆನ್ಸ್‌ನವು. 2024ರ ಆಗಸ್ಟ್ 30ಕ್ಕೆ ಉತ್ತರಕ್ಕೆ ಲಿನ್‌ವುಡ್‌ವರೆಗೆ ಎಂಟೂವರೆ ಮೈಲಿ, ನಾಲ್ಕು ನಿಲ್ದಾಣ ತೆರೆದರು. ಯೋಜನೆ ಪ್ರಕಾರ ಪೂರ್ವದ ಬೆಲ್‌ವ್ಯೂ ಕಡೆಯ '2 ಲೈನ್' ಅನ್ನೋ ಮಾರ್ಗದ ರೈಲು ಸರೋವರ ದಾಟಿ ಬಂದು ಅದೇ ಹಳಿಯಲ್ಲಿ ಓಡಬೇಕಿತ್ತು, ಆಗ ಎರಡರಷ್ಟು ರೈಲು ಆಗ್ತಿತ್ತು. ಆದರೆ ಐ-90 ಹೆದ್ದಾರಿಯ ಭಾಗದಲ್ಲಿ ಹಳಿ ಕೂರಿಸೋ ಕಾಂಕ್ರೀಟ್ ದಿಂಡುಗಳು ಕೆಟ್ಟು, ಒಡೆದು ಮತ್ತೆ ಕಟ್ಟಬೇಕಾಯ್ತು. ಪೂರ್ವದ ಡಿಪೋ ಸರೋವರದ ಆಚೆ, ಅಲ್ಲಿ 96 ಬೋಗಿಗೆ ಜಾಗ. ಈಚೆ ಊರಿನ ಡಿಪೋದಲ್ಲಿ ನೂರಾ ನಾಲ್ಕೋ ಐದೋ. ಆಗ ನಡುವೆ ಓಡಿಸೋಕೆ ಹಳಿ ಸಿದ್ಧ ಇರಲಿಲ್ಲ.

ಗಿರೀಶ, 9:34
104 ಸಾಲಲ್ವಾ?

ಶ್ರೀಕಾಂತ, 9:41
ವಿಜಯಾ ಭಾಗಾಕಾರ ಮಾಡು. ಆಂಗಲ್ ಲೇಕ್‌ನಿಂದ ಲಿನ್‌ವುಡ್‌ಗೆ ಒಂದು ದಿಕ್ಕಿಗೆ ಒಂದು ಗಂಟೆ ಹತ್ತು ನಿಮಿಷದ ಹತ್ತಿರ. ತಿರುಗೋದು ಸೇರಿ ಎರಡೂವರೆ ಗಂಟೆ ಅನ್ನು. ಎಂಟು ನಿಮಿಷಕ್ಕೊಂದು ಬಿಟ್ಟರೆ 19 ರೈಲು. ನಾಲ್ಕು ಬೋಗಿ ಹಾಕಿದ್ರೆ 76. ರಿಪೇರಿ, ತಪಾಸಣೆ, ಕಾಯ್ದಿರಿಸೋದಕ್ಕೆ ಐದನೇ ಒಂದು ಭಾಗ ಸೇರಿಸಿದ್ರೆ 91. ಡಿಪೋ ಉಸಿರುಗಟ್ಟುತ್ತೆ. ಷಂಟ್ ಮಾಡೋಕೆ (ಬೋಗಿ ಅತ್ತಿತ್ತ ಸರಿಸೋಕೆ) ಒಂದು ಹಳಿಯಾದ್ರೂ ಖಾಲಿ ಬೇಡ್ವಾ? ರಾತ್ರಿ ಕೆಲವು ರೈಲನ್ನು ಮಾರ್ಗದ ಮೇಲೇ, ತುದಿ ಹಳಿಗಳಲ್ಲಿ ನಿಲ್ಲಿಸಿದರು. ಅದಕ್ಕೆ ಕಾವಲು ಬೇಕು, ಒಳಗೆ ಕಸ ಗುಡಿಸೋರು ಅಲ್ಲಿಗೇ ಹೋಗಬೇಕು.

ಬಸವರಾಜ, 9:46
ಹಳದಿಗೂ ಆ ಕಥಿ ಸ್ವಲ್ಪ ಐತಿ. ಡಿಪೋ ಹೆಬ್ಬಗೋಡಿಯಾಗ, ಬೊಮ್ಮಸಂದ್ರದ ಮಗ್ಗಲಕ. ಮುಂಜಾನೆ ಆರ್.ವಿ. ರಸ್ತೆ ಕಡೆಯಿಂದ ಮೊದಲ ಗಾಡಿ ಬಿಡಬೇಕಂದ್ರ ಅದು ಮೊದಲ ಇಡೀ ಮಾರ್ಗ ದಾಟಿ ಬರಬೇಕು, ಇಲ್ಲಾ ರಾತ್ರಿ ಅಲ್ಲೇ ಮಲಗಬೇಕು.

ಗಿರೀಶ, 9:50
ಎರಡೂವರೆ ತಿಂಗಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ರೈಲು ಬಂದ ಮೇಲೆ ಓಡಿಸೋಕೆ ಏನು ಕಷ್ಟ? ಕಾರು ಶೋರೂಮಿಂದ ಬಂದ ದಿನವೇ ಓಡಿಸ್ತೀವಿ.

ವಿಜಯಾ, 10:07
ಕಾರು ಪೂರ್ತಿಯಾಗಿ ಬರುತ್ತೆ. ಇದು ಆರು ಟ್ರೈಲರ್ ಮೇಲೆ ಆರು ಬೋಗಿಯಾಗಿ ಬರುತ್ತೆ. ಕ್ರೇನ್‌ನಲ್ಲಿ ಇಳಿಸಿ, ಜೋಡಿಸಿ, ಗಾಳಿ ಕೊಳವೆ, ಕೇಬಲ್, ನಡುವಿನ ಓಡಾಟದ ಸುರಂಗ ಎಲ್ಲ ಕೂಡಿಸಬೇಕು. ಆಮೇಲೆ ನಿಂತಲ್ಲೇ ಪರೀಕ್ಷೆ: ವಿದ್ಯುತ್ ಸೋರಿಕೆ ಇದೆಯಾ, ಬ್ರೇಕ್ ಗಾಳಿ ಎಲ್ಲಿಯಾದರೂ ಇಳಿಯುತ್ತಾ, ಒಂದೊಂದು ಬಾಗಿಲೂ ಅಡ್ಡ ಏನಾದರೂ ಸಿಕ್ಕಿದರೆ ತೆರೆದುಕೊಳ್ಳುತ್ತಾ, ಎ.ಸಿ., ಧ್ವನಿವರ್ಧಕ, ತುರ್ತು ದೀಪ. ಮುಂದೆ ಡಿಪೋದ ಪರೀಕ್ಷಾ ಹಳಿಯಲ್ಲಿ ನಿಧಾನಕ್ಕೆ. ಕೊನೆಗೆ ಮುಖ್ಯ ಮಾರ್ಗದಲ್ಲಿ ಪೂರ್ತಿ ವೇಗ, ತುರ್ತು ಬ್ರೇಕ್, ಸಿಗ್ನಲ್ ಜೊತೆ ಹೊಂದಾಣಿಕೆ. ಮಾದರಿ ರೈಲಿಗೆ ಇದರ ಮೇಲೆ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ತೂಗಾಟದ ಪರೀಕ್ಷೆ. ಅದು ಒಂದೇ ಸಲ, ಹಾಗಾಗಿ ಮುಂದಿನವು ಬೇಗ ಆಗ್ತವೆ.

ಬಸವರಾಜ, 10:15
ಸಿಗ್ನಲ್ ಪರೀಕ್ಷಿಗೇ ಭಾಳ ಹೊತ್ತು ಹಿಡಿಯೂದು. ಗಾಡಿ ಎಷ್ಟು ದೂರ ಬಂತು ಅಂತ ಗಾಲಿ ತಿರುಗಿದ್ದು ಎಣಿಸ್ತೈತಿ. ಗಾಲಿ ವ್ಯಾಸ ನಾಕ ಮಿಲಿಮೀಟರ್ ತಪ್ಪು ತುಂಬಿದ್ರ ಎಣಿಕಿ ತಪ್ಪತೈತಿ. ಮಳಿಯಾಗ ಗಾಲಿ ಜಾರಿದ್ರೂ ತಪ್ಪತೈತಿ. ಹಳಿ ನಡುವ ಇಟ್ಟಿರೂ ಬೀಕನ್ (ಇದು ಯಾವ ಜಾಗ ಅಂತ ಹೇಳೂ ಪೆಟ್ಟಿಗೆ) ದಾಟಿದಾಗ ತಿದ್ದಕೊಂತೈತಿ, ಆದ್ರ ಎರಡು ಬೀಕನ್ ನಡುವ ತಪ್ಪು ಹೆಚ್ಚಾತು ಅಂದ್ರ ಗಾಡಿ ತಾನ ಬ್ರೇಕ್ ಹಾಕಿ ನಿಂದರತೈತಿ. ಆಮ್ಯಾಲ ಚಾಲಕ ಕೈಯಾಗ ತಗೊಂಡು ಮೆಲ್ಲಕ ಮುಂದಿನ ನಿಲ್ದಾಣಕ್ಕ ತರಬೇಕು. ಹಿಂದಿನವರೆಲ್ಲಾ ಕಾಯೂದ.

ವಿಜಯಾ, 10:19
ಇದರಲ್ಲಿ ಒಂದು ಸಿಕ್ಕು ಇದೆ. ಜನಸೇವೆ ಶುರುವಾದ ಮೇಲೆ ಮುಖ್ಯ ಮಾರ್ಗದ ಪರೀಕ್ಷೆ ರಾತ್ರಿ ಮಾತ್ರ. ಕೊನೇ ರೈಲಿಂದ ಮೊದಲ ರೈಲಿಗೆ ಸಿಗೋದು ಕೆಲವೇ ಗಂಟೆ, ಅದೂ ಹಂಚಿಕೊಳ್ಳಬೇಕು. ಹಳಿ ನೋಡೋ ಗ್ಯಾಂಗ್ ಇಳಿದರೆ ಮೂರನೇ ಹಳಿಗೆ ಕರೆಂಟ್ ಇರೋ ಹಾಗಿಲ್ಲ, ಕರೆಂಟ್ ಇಲ್ಲದಿದ್ದರೆ ರೈಲು ಪರೀಕ್ಷೆ ಇಲ್ಲ. ಮೂರು ರೈಲಿಗೇ ತೆರೆದದ್ದರಿಂದ ನಾಲ್ಕನೇದು, ಐದನೇದು ನಿಧಾನ ಆಯ್ತು.

ಗಿರೀಶ, 10:22
ಹಾಗಾದ್ರೆ ತೆರೆದದ್ದೇ ತಪ್ಪು ಅಂತ ನೀನೇ ಹೇಳಿದ ಹಾಗಾಯ್ತು!

ವಿಜಯಾ, 10:25
ಹೇಳಿಲ್ಲ. ಗಂಟೆಗೆ ಒಂದು ದಿಕ್ಕಿಗೆ ಎಷ್ಟು ಜನ ಅಂತ ನೋಡು. ಒಂದು ರೈಲಿಗೆ ನಿಂತವರೂ ಸೇರಿ ಸುಮಾರು 1,600. 25 ನಿಮಿಷಕ್ಕೊಂದು ಅಂದರೆ ಗಂಟೆಗೆ 3,800 ಚಿಲ್ಲರೆ. ಸಿಲ್ಕ್ ಬೋರ್ಡ್ ಮೂಲಕ ಅಷ್ಟು ಜನರನ್ನು ಬಸ್‌ನಲ್ಲಿ ಸಾಗಿಸು ನೋಡೋಣ. ಈಗ 6,400. ಪೂರ್ತಿ 15 ಬರಲಿ ಅಂತ ಕಾದಿದ್ದರೆ ಈ ಹೊತ್ತಿಗೂ ಸೊನ್ನೆ.

ಮಂಜು, 10:31
ನಾನಾಗಿದ್ರೆ ಆರು ರೈಲಿಗೆ ಕಾಯ್ತಿದ್ದೆ. 25 ನಿಮಿಷದ ಸೇವೆಯಲ್ಲಿ ಒಂದು ರೈಲು ತಪ್ಪಿದವನು ಮಾರನೇ ದಿನ ಬೈಕ್ ತೆಗೀತಾನೆ, ಆಮೇಲೆ ವಾಪಸ್ ಬರೋದು ಕಷ್ಟ. ಇದು ಅಭಿಪ್ರಾಯ, ಲೆಕ್ಕ ಅಲ್ಲ.

ಗಿರೀಶ, 10:34
ಇನ್ನೊಂದು ಉಪಾಯ ಇತ್ತು. ಏಳು ನಿಲ್ದಾಣ ಬಿಟ್ಟು ಓಡಿಸಿದ್ರೆ?

ವಿಜಯಾ, 10:38
ಒಂದು ನಿಲುಗಡೆ ತಪ್ಪಿದರೆ ನಿಲ್ಲೋ ಹೊತ್ತು, ಬ್ರೇಕ್, ಮತ್ತೆ ವೇಗ ಹಿಡಿಯೋದು ಸೇರಿ 50 ಸೆಕೆಂಡ್ ಅಂದುಕೋ. ಏಳು ಬಿಟ್ಟರೆ ಒಂದು ದಿಕ್ಕಿಗೆ ಆರು ನಿಮಿಷ, ಹೋಗಿಬರೋ ಒಂದು ಸುತ್ತಿಗೆ ಹನ್ನೆರಡು. 75ರಲ್ಲಿ ಅದನ್ನು ಕಳೆದು ಉಳಿದ 63ನ್ನು ಮೂರರಿಂದ ಭಾಗಿಸಿದರೆ 21. ನಾಲ್ಕು ನಿಮಿಷಕ್ಕಾಗಿ ಏಳು ನಿಲ್ದಾಣದವರು ಮನೆಯಲ್ಲಿ ಕೂರಬೇಕಾ?

ಶ್ರೀಕಾಂತ, 10:44
ಅದಕ್ಕಿಂತ ತುದಿಯಲ್ಲಿ ಉಳಿಸಬಹುದು. ಬಂದಿಳಿದ ಚಾಲಕ ಅದೇ ರೈಲಿನ ಇನ್ನೊಂದು ತುದಿಗೆ ನಡೆಯೋದು ಬೇಡ. ಅವನು ಪ್ಲಾಟ್‌ಫಾರಂನಲ್ಲಿ ಕಾಯ್ತಾ ಮುಂದಿನ ರೈಲು ತಗೊಳ್ಳಲಿ, ಈ ರೈಲಿಗೆ ಮೊದಲೇ ಬಂದು ಕಾದಿರೋ ಚಾಲಕ ಹತ್ತಲಿ. ಒಬ್ಬ ಚಾಲಕ ಹೆಚ್ಚು ಬೇಕು, ರೈಲು ಬೇಡ. ಅಂತರ ಚಿಕ್ಕದಾದಾಗ ಇದು ತುಂಬಾ ಉಪಯೋಗ. 15 ನಿಮಿಷದಲ್ಲಿ ಅಷ್ಟೇನಿಲ್ಲ.

ಮಂಜು, 10:50
ಒಂದು ಮಾತು ಯಾರೂ ಗಮನಿಸಿಲ್ಲ. 75 ನಿಮಿಷದ ಸುತ್ತಿಗೆ ಐದು ನಿಮಿಷಕ್ಕೊಂದು ಬಿಡಬೇಕಾದ್ರೆ 15 ರೈಲೂ ಓಡ್ತಾ ಇರಬೇಕು. 2019ರಲ್ಲಿ ಕೊಟ್ಟ ಆರ್ಡರ್ರೇ 15. ತಪಾಸಣೆಗೆ ಒಂದು, ಕಾಯ್ದಿರಿಸಿದ್ದು ಒಂದು ಬಿಟ್ರೆ 13. ಅಂದ್ರೆ ಆರು ನಿಮಿಷಕ್ಕೆ ಸ್ವಲ್ಪ ಕಮ್ಮಿ, ಅಷ್ಟೇ.

ವಿಜಯಾ, 10:53
ಸರಿಯಾಗಿ ಹೇಳಿದೆ. ಎಲ್ಲ ಬಂದ ಮೇಲೂ ಸಿಲ್ಕ್ ಬೋರ್ಡ್ ಜನಕ್ಕೆ ಅದು ಬಿಗಿಯೇ. ಮುಂದಿನ ಬೋಗಿ ಆರ್ಡರ್ ಬಗ್ಗೆ ಈಗಲೇ ಕೇಳಬೇಕು. ಗುತ್ತಿಗೆಯಿಂದ ಹಳಿಗೆ ಬರೋಕೆ ವರ್ಷಗಳು ಅನ್ನೋದು ನೋಡಿದ್ದೀವಲ್ಲ.

ಗಿರೀಶ, 10:58
ಗುಲಾಬಿ, ನೀಲಿ ಮಾರ್ಗಕ್ಕೂ ಇದೇ ಗತಿನಾ?

ಮಂಜು, 11:03
ಅದು ಬಿಇಎಂಎಲ್, ಬೆಂಗಳೂರಿನ ಸರ್ಕಾರಿ ಕಂಪನಿ. 2023ರ ಗುತ್ತಿಗೆ, 3,177 ಕೋಟಿ, 318 ಬೋಗಿ, 53 ರೈಲು. ಕಾರ್ಖಾನೆ ಊರಲ್ಲೇ ಇದೆ, ವೀಸಾ ರಗಳೆ ಇಲ್ಲ. ಆದರೆ ಮಾದರಿ ರೈಲಿನ ಪರೀಕ್ಷೆ ಅವರಿಗೂ ಬಿಟ್ಟಿದ್ದಲ್ಲ.

ಬಸವರಾಜ, 11:05
ಗಿರ್ಯಾ, ಮೊದಲ ಆ ಚಿತ್ರ ಅಳಸು. ನಮ್ಮ ಹುಬ್ಬಳ್ಳಿ ಮನೀ ಗುಂಪಿನ್ಯಾಗೂ ಬಂತು, ಮಾಮಾ "ಮೂರು ಬೋಗಿ" ಅಂತ ಶುರು ಹಚ್ಕೊಂಡಾರ.

ಗಿರೀಶ, 11:09
ಅಳಿಸ್ತೀನಿ. ಗುತ್ತಿಗೆ ವಿಷಯದಲ್ಲಿ ಮಾತ್ರ ನಾನು ಸೋತಿಲ್ಲ, ನೆನಪಿಡಿ.

ವಿಜಯಾ, 11:10
ಮೂರು ಬೋಗಿ ವಿಷಯದಲ್ಲಿ ಸೋತಿದ್ದೀಯಲ್ಲ, ಇವತ್ತಿಗೆ ಸಾಕು.