ಹೋಮ್ ಲೋನ್ ಏಜೆಂಟ್ ನಮ್ಮ ಮಾತು ಬಿಟ್ಟು ಬೇರೆಲ್ಲಾ ಮಾಡ್ತಿದ್ದಾರೆ, ಅನುಭವ ಇದ್ದವರು ಹೇಳಿ

ಕೆಂಗೇರಿಯಿಂದ ಪ್ರಶ್ನೆ:

ಕೆಂಗೇರಿ ಉಪನಗರದ ಕಡೆ ಒಂದು ರೀಸೇಲ್ ಫ್ಲ್ಯಾಟ್ ನೋಡಿ ಅಡ್ವಾನ್ಸ್ ಕೊಟ್ಟಿದ್ದೀವಿ. 50 ಲಕ್ಷ ಸಾಲ ಬೇಕು. ಫ್ಲ್ಯಾಟ್ ತೋರಿಸಿದವರ ಕಡೆಯಿಂದಲೇ ಒಬ್ಬರು ಲೋನ್ ಏಜೆಂಟ್ ಬಂದ್ರು. ಅವರಿಗೆ ಶುರುವಿನಲ್ಲೇ ಹೇಳಿದ್ದೆ: ನನ್ನ ಸಂಬಳ ಬರೋ ಸರ್ಕಾರಿ ಬ್ಯಾಂಕಲ್ಲಿ ಮಾತ್ರ ಹಾಕಿ, 20 ವರ್ಷಕ್ಕಿಂತ ಜಾಸ್ತಿ ಬೇಡ, ಟರ್ಮ್ ಪಾಲಿಸಿ ಇರೋದ್ರಿಂದ ಇನ್ಶೂರೆನ್ಸೂ ಬೇಡ. "ಆಯ್ತು ಸಾರ್" ಅಂತ ಫೈಲ್ ತಗೊಂಡು ಹೋದ್ರು. ಈಗ ನನಗೂ ನನ್ನ ಹೆಂಡತಿಗೂ ಸಿಬಿಲ್ (ಸಾಲದ ಇತಿಹಾಸ ಇಡೋ ಕ್ರೆಡಿಟ್ ಬ್ಯೂರೋ) ಮೆಸೇಜ್ ಬರ್ತಿದೆ, ನಾವು ಹೆಸರೇ ಎತ್ತದ ಎರಡು ಕಂಪನಿಗಳ ಹೆಸರಲ್ಲಿ. ಅದರಲ್ಲೊಂದು ಹೌಸಿಂಗ್ ಫೈನಾನ್ಸ್ ಕಂಪನಿಯ ಸ್ಯಾಂಕ್ಷನ್ ಲೆಟರ್ ವಾಟ್ಸಾಪ್‌ಗೆ ಬಂದಿದೆ. 30 ವರ್ಷ, ಜೊತೆಗೆ 1.40 ಲಕ್ಷದ ಇನ್ಶೂರೆನ್ಸ್ ಸಾಲಕ್ಕೇ ಸೇರಿಸಿದ್ದಾರೆ. ಕೇಳಿದ್ರೆ, "ಬ್ಯಾಂಕಲ್ಲಿ ಲೇಟ್ ಆಗುತ್ತೆ ಸಾರ್, ಇಲ್ಲಿ ಇಎಂಐ ಕಮ್ಮಿ ಬೀಳುತ್ತಲ್ಲ, ಸೈನ್ ಹಾಕಿ, ಆಮೇಲೆ ನೋಡ್ಕೊಳ್ಳೋಣ" ಅಂತಾರೆ. ಸೇಲ್ ಅಗ್ರಿಮೆಂಟ್ ಗಡುವು ಮುಂದಿನ ತಿಂಗಳು ಮುಗಿಯುತ್ತೆ. ಇವರನ್ನ ಬಿಡೋದು ಹೇಗೆ? ಬಿಟ್ರೆ ಫೈಲ್ ಕೆಡುತ್ತಾ?

ರಾಜಾಜಿನಗರದಿಂದ:

ಸೈನ್ ಹಾಕಬೇಡಿ, ಮಿಕ್ಕಿದ್ದೆಲ್ಲಾ ಆಮೇಲೆ.

ಏಜೆಂಟ್ ಜೊತೆ ಫೋನಲ್ಲಿ ವಾದ ಮಾಡೋದು ನಿಲ್ಲಿಸಿ. ಫೋನಲ್ಲಿ ಅವರು ಯಾವತ್ತೂ ಒಪ್ಕೊಂಡೇ ಇರ್ತಾರೆ, ಕೆಲಸ ಮಾತ್ರ ತಮಗೆ ಬೇಕಾದ ಹಾಗೆ ಮಾಡ್ತಾರೆ. ಸ್ಯಾಂಕ್ಷನ್ ಲೆಟರಲ್ಲಿ ಅಪ್ಲಿಕೇಷನ್ ನಂಬರ್, ಆ ಕಂಪನಿಯ ಕಸ್ಟಮರ್ ಕೇರ್ ಇಮೇಲ್ ಎರಡೂ ಇರುತ್ತೆ. ನೇರ ಅಲ್ಲಿಗೇ ಬರೆಯಿರಿ, ಏಜೆಂಟ್‌ಗೆ ಒಂದು ಪ್ರತಿ ಹಾಕಿ. ನಮ್ಮ ಭಾವನ ಕೇಸಲ್ಲಿ ನಾನೇ ಕೂತು ಬರೆದ ಮೇಲ್ ಸುಮಾರು ಹೀಗಿತ್ತು:

"ಈ ಅರ್ಜಿ ಸಂಖ್ಯೆಯ ಸಾಲ ನನಗೆ ಬೇಡ. ಇದನ್ನು ನನ್ನ ಸೂಚನೆಗೆ ವಿರುದ್ಧವಾಗಿ ಸಲ್ಲಿಸಲಾಗಿದೆ. ಅರ್ಜಿಯನ್ನು ವಾಪಸ್ ಪಡೆದಿದ್ದೇನೆ ಎಂದು ದಾಖಲಿಸಿ. ನನ್ನ ಹೆಸರಿನಲ್ಲಿ ಯಾವ ಮೊತ್ತವನ್ನೂ ಬಿಡುಗಡೆ ಮಾಡಬೇಡಿ, ನಾಚ್ ಮ್ಯಾಂಡೇಟ್ ರಿಜಿಸ್ಟರ್ ಮಾಡಬೇಡಿ. ವಿಮೆಗೆ ನನ್ನ ಸಮ್ಮತಿ ಇಲ್ಲ. ಇದಕ್ಕೆ ಲಿಖಿತ ಉತ್ತರ ಕೊಡಿ."

ಇಷ್ಟೇ. ನಾಚ್ ಮ್ಯಾಂಡೇಟ್ ಅಂದ್ರೆ ನಮ್ಮ ಖಾತೆಯಿಂದ ಕಂತು ತಾನಾಗಿ ಕಡಿತ ಆಗೋಕೆ ಕೊಡೋ ಒಪ್ಪಿಗೆ. ಕೋಪ, ಕಥೆ, ಏಜೆಂಟ್ ಎಂಥವನು ಅನ್ನೋ ವಿವರಣೆ ಯಾವುದೂ ಬೇಡ. ಇಬ್ಬರೂ ಅರ್ಜಿದಾರರಾಗಿದ್ರೆ ಇಬ್ಬರ ಮೇಲ್ ಐಡಿಯಿಂದಲೂ ಹೋಗಲಿ. ಕೊಟ್ಟಿರೋ ಲಾಗಿನ್ ಫೀ, ಅಂದ್ರೆ ಅರ್ಜಿ ದಾಖಲಿಸೋಕೆ ಕಟ್ಟಿದ ದುಡ್ಡು, ವಾಪಸ್ ಬರುತ್ತೆ ಅನ್ನೋ ಆಸೆ ಇಟ್ಕೋಬೇಡಿ.

ಶಿವಮೊಗ್ಗದಿಂದ, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತ:

ನಮ್ಮಲ್ಲಿ ಬಹಳ ಜನ ಒಂದು ವಿಷಯದಲ್ಲಿ ಮೋಸ ಹೋಗುತ್ತಾರೆ. ಮನೆಗೆ ಬಂದು ಕಾಫಿ ಕುಡಿದು ಫೈಲ್ ಒಯ್ಯುವವರು ನಮ್ಮ ಏಜೆಂಟ್ ಎಂದುಕೊಳ್ಳುತ್ತಾರೆ. ಅಲ್ಲ. ಡಿಎಸ್‌ಎ ಎಂದರೆ ಸಾಲ ಕೊಡುವವರ ಏಜೆಂಟ್. ಅವರಿಗೆ ದುಡ್ಡು ಬರುವುದು ಬಿಡುಗಡೆಯಾದ ಸಾಲದ ಮೊತ್ತದ ಮೇಲೆ, ಕೊಡುವುದು ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ. ಒಂದೊಂದು ಕಡೆ ಒಂದೊಂದು ದರ. ನೀವು ಹೇಳಿದ ಬ್ಯಾಂಕು ಬಿಟ್ಟು ಬೇರೆ ಕಡೆಗೆ ಫೈಲ್ ಯಾಕೆ ಹೋಯಿತು ಎನ್ನುವುದಕ್ಕೆ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡ ರಹಸ್ಯ ಇರುವುದಿಲ್ಲ.

ಇದರಲ್ಲೇ ನಿಮ್ಮ ಬಲವೂ ಇದೆ. ಏಜೆಂಟ್ ಅವರದ್ದಾದ ಮೇಲೆ ಅವನ ಕೆಲಸಕ್ಕೆ ಹೊಣೆಯೂ ಅವರದ್ದೇ. ಹೊರಗಿನವರಿಂದ ಕೆಲಸ ಮಾಡಿಸಿದರೂ ಜವಾಬ್ದಾರಿ ಬ್ಯಾಂಕಿನದ್ದೇ ಎಂದು ಆರ್‌ಬಿಐ 2006ರಿಂದಲೇ ಹೇಳಿಕೊಂಡು ಬಂದಿದೆ. ಆದ್ದರಿಂದ "ನಿಮ್ಮ ಡಿಎಸ್‌ಎ ಹೀಗೆ ಮಾಡಿದ್ದಾರೆ" ಎಂದೇ ಬರೆಯಿರಿ, "ನನ್ನ ಏಜೆಂಟ್" ಎಂದು ಬರೆಯಬೇಡಿ.

ಎರಡನೆಯದು ಕೆಎಫ್‌ಎಸ್, ಅಂದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. 2024ರ ಅಕ್ಟೋಬರ್ 1ರ ನಂತರದ ಎಲ್ಲ ಹೊಸ ರಿಟೇಲ್ ಸಾಲಗಳಿಗೂ ಇದು ಕಡ್ಡಾಯ. ಬಡ್ಡಿ, ಅವಧಿ, ಫೀಸು, ವಿಮೆ, ಇವೆಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ, ಎಲ್ಲವೂ ಅದರಲ್ಲಿ ಇರಬೇಕು. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಕನ್ನಡದಲ್ಲಿ ಕೇಳಲು ಸಂಕೋಚ ಬೇಡ. ಓದಿ ತೀರ್ಮಾನಿಸಲು ಕನಿಷ್ಠ 3 ಕೆಲಸದ ದಿನ ಕೊಡಬೇಕು. "ಇವತ್ತೇ ಸೈನ್ ಆಗಬೇಕು" ಎನ್ನುವವರ ಮುಂದೆ ಈ ಒಂದು ವಾಕ್ಯ ಹೇಳಿ ನೋಡಿ.

ಇನ್ನು ಆ "ಇಎಂಐ ಕಮ್ಮಿ" ಮಾತು. ಲೆಕ್ಕಕ್ಕೆ ಶೇ. 8.5 ಬಡ್ಡಿ ಎಂದಿಟ್ಟುಕೊಳ್ಳಿ. 50 ಲಕ್ಷಕ್ಕೆ 20 ವರ್ಷವಾದರೆ ಇಎಂಐ ಸುಮಾರು 43,390 ರೂಪಾಯಿ, 30 ವರ್ಷವಾದರೆ 38,445. ತಿಂಗಳಿಗೆ ಐದು ಸಾವಿರದಷ್ಟು ಉಳಿಯಿತು ಎನ್ನಿಸುತ್ತದೆ. ಒಟ್ಟು ಕಟ್ಟುವುದು ಮಾತ್ರ 1.04 ಕೋಟಿಯಿಂದ 1.38 ಕೋಟಿಗೆ ಹೋಗುತ್ತದೆ. ಸಾಲಕ್ಕೆ ಸೇರಿಸಿದ 1.40 ಲಕ್ಷದ ವಿಮೆಯೂ ಅದೇ ಲೆಕ್ಕದಲ್ಲಿ 30 ವರ್ಷ ತೀರಿಸುವಷ್ಟರಲ್ಲಿ 3.87 ಲಕ್ಷ ಆಗಿರುತ್ತದೆ.

ಧಾರವಾಡದಿಂದ:

ನಮಗೂ ಇನ್ಶೂರೆನ್ಸಿಂದು ಹಿಂಗ ಆಗಿತ್ರಿ. ನಾವು ಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ವಿ. ಸೈನ್ ಮಾಡೋ ದಿನ ಆ ಹುಡುಗ ಒಂದು ದೊಡ್ಡ ಕಟ್ಟು ತಂದ, ಎಲ್ಲೆಲ್ಲಿ ಸೈನ್ ಬೇಕೋ ಅಲ್ಲೆಲ್ಲಾ ಪೆನ್ಸಿಲ್‌ಲೆ ಇಂಟು ಗುರ್ತು ಹಾಕಿದ್ದ. ಹಾಳಿ ತಿರುವಿ ತಿರುವಿ "ಇಲ್ಲೊಂದು ಮೇಡಂ, ಇಲ್ಲೊಂದು" ಅಂತಿದ್ದ. ನಮ್ಮ ಯಜಮಾನ್ರು ಮಾಡಿಕೋತ ಹೊಂಟಿದ್ರು. ನಾನು ನಡುವ ಒಂದು ಹಾಳಿ ಹಿಡದು ನೋಡಿದೆ, ಮ್ಯಾಲ "ಗುಡ್ ಹೆಲ್ತ್ ಡಿಕ್ಲರೇಷನ್" ಅಂತಿತ್ತು. ಮನಿ ಸಾಲಕ್ಕ ನಮ್ಮ ಬಿಪಿ ಶುಗರ್ ಯಾಕ ಬೇಕು ಅಂತ ಕೇಳಿದೆ. ಅವಾಗ ಗೊತ್ತಾತು ಅದು ವಿಮಾ ಫಾರ್ಮು ಅಂತ.

ಆ ಹಾಳಿ ಮ್ಯಾಲ ಅಡ್ಡಗೆರಿ ಎಳೆದು, "ಬೇಡ" ಅಂತ ಬರೆದು, ಫೋಟೋ ಹೊಡಕೊಂಡ ಮ್ಯಾಲನ ವಾಪಸ್ ಕೊಟ್ವಿ. ಅಷ್ಟಾದ್ರೂ ನಮ್ಮ ಓಣಿಯೊಳಗ ಇನ್ನೊಬ್ಬರಿಗೆ ಪಾಲಿಸಿ ಬಂದೇ ಬಿಟ್ಟಿತ್ತು. ಪಾಲಿಸಿ ಕೈಗೆ ಬಂದ ಮ್ಯಾಲ 30 ದಿನದೊಳಗ ಬ್ಯಾಡ ಅಂತ ವಾಪಸ್ ಮಾಡಬಹುದು ನೋಡ್ರಿ, ಫ್ರೀ ಲುಕ್ ಅಂತಾರ. ಸ್ಟಾಂಪ್ ಡ್ಯೂಟಿ, ಅಷ್ಟು ದಿನದ ಕವರಿಂದು ಹಿಡಕೊಂಡು ಉಳಿದಿದ್ದು ಕೊಡತಾರ. ಬರೆಯೋದು ವಿಮಾ ಕಂಪನಿಗೆ, ಏಜೆಂಟ್‌ಗಲ್ಲ. ಏಜೆಂಟ್‌ಗ ಹೇಳಿದ್ರ ಆ 30 ದಿನ ದಾಟೋ ತನಕ "ಮಾಡಸ್ತೇನ್ರಿ" ಅಂತನ ಇರ್ತಾನ.

ತುಮಕೂರಿನಿಂದ, ಡಿಎಸ್‌ಎ ಕೆಲಸ ಮಾಡುವವರು:

ಎಲ್ಲರೂ ಬೈತಿದ್ದೀರಿ, ಬೈಸ್ಕೊಳ್ಳೋ ಕೆಲಸ ಮಾಡೋರು ನಮ್ಮಲ್ಲಿದ್ದಾರೆ, ಒಪ್ತೀನಿ. ಕೇಳದೆ ಎರಡು ಮೂರು ಕಡೆ ಲಾಗಿನ್ ಮಾಡೋದು ತಪ್ಪೇ. ಆದ್ರೆ ಪ್ರಶ್ನೆ ಕೇಳಿದವರು ಒಂದು ವಿಚಾರ ಮೊದಲು ಖಚಿತ ಮಾಡ್ಕೊಳ್ಳಿ: ನಿಮ್ಮ ಬ್ಯಾಂಕ್‌ಗೆ ಫೈಲ್ ಹೋಗಲೇ ಇಲ್ವಾ, ಅಥವಾ ಹೋಗಿ ಅಲ್ಲಿ ನಿಂತಿದೆಯಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಬೆಂಗಳೂರಿನ ರೀಸೇಲ್ ಫ್ಲ್ಯಾಟ್‌ಗಳಲ್ಲಿ ಎಷ್ಟೋ ಕಡೆ ಓಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡೋ ಅನುಮತಿ ಪತ್ರ) ಇರಲ್ಲ, ಕೆಲವು ಬಿ ಖಾತಾ, ಅಂದ್ರೆ ನಿಯಮ ಪೂರ್ತಿ ಪಾಲಿಸದ ಆಸ್ತಿಗಳ ಪಾಲಿಕೆ ದಾಖಲೆ. ಸರ್ಕಾರಿ ಬ್ಯಾಂಕಿನ ಪ್ಯಾನಲ್ ಲಾಯರ್ ಅಂಥದ್ದಕ್ಕೆ ಸುಲಭಕ್ಕೆ ಲೀಗಲ್ ಒಪಿನಿಯನ್ ಕೊಡಲ್ಲ. ಆಗ ಏಜೆಂಟ್ ಫೈನಾನ್ಸ್ ಕಂಪನಿ ಕಡೆ ತಿರುಗ್ತಾನೆ, ಅಲ್ಲಿ ಬಡ್ಡಿ ಜಾಸ್ತಿ ಆದ್ರೂ ಒಪ್ತಾರೆ ಅಂತ. ಅದನ್ನ ನಿಮಗೆ ಬಿಡಿಸಿ ಹೇಳಬೇಕಿತ್ತು, ಹೇಳಲ್ಲ. ಪಾರ್ಟಿ ಡೀಲ್ ಬಿಟ್ರೆ ಅನ್ನೋ ಭಯ. ಹಾಗೇನಾದ್ರೂ ಇದ್ರೆ ನಿಮ್ಮ ತೊಂದರೆ ಏಜೆಂಟ್ ಅಲ್ಲ, ಪ್ರಾಪರ್ಟಿ.

30 ವರ್ಷ ಹಾಕೋದಕ್ಕೂ ಒಂದು ಕಾರಣ ಇರುತ್ತೆ. ನಿಮ್ಮ ಸಂಬಳಕ್ಕೆ 20 ವರ್ಷದ ಇಎಂಐ ಕೂರದೇ ಇದ್ರೆ 50 ಲಕ್ಷ ಪಾಸ್ ಆಗಲ್ಲ. ಅದನ್ನೂ ಬ್ಯಾಂಕಲ್ಲೇ ಕೇಳಿ.

ಫೈಲ್ ಕೆಡುತ್ತಾ ಅಂದ್ರಲ್ಲ, ಕೆಡಲ್ಲ. ನಿಮ್ಮ ಬ್ಯಾಂಕಲ್ಲಿ ಆಗಲೇ ಲಾಗಿನ್ ಆಗಿದ್ರೆ ಅದು ಏಜೆಂಟ್ ಕೋಡಲ್ಲಿ ಇರುತ್ತೆ. ಬ್ರಾಂಚ್‌ಗೆ ಹೋಗಿ, "ಡಿಎಸ್‌ಎ ಬೇಡ, ನೇರ ನನ್ನ ಹತ್ರ ಮಾತಾಡಿ" ಅಂತ ಲೆಟರ್ ಕೊಡಿ. ಕೆಲವು ಕಡೆ ಅದೇ ಫೈಲ್ ಮುಂದುವರಿಸ್ತಾರೆ, ಕೆಲವು ಕಡೆ ವಿತ್‌ಡ್ರಾ ಮಾಡಿ ಹೊಸದಾಗಿ ಹಾಕಿ ಅಂತಾರೆ. ಕಾಗದ ಎಲ್ಲಾ ಅವೇ.

ಹಾಸನದಿಂದ:

ನಾನು ಬೇರೆ ಥರ ಹೇಳ್ತೀನಿ. ಅಗ್ರಿಮೆಂಟ್ ಗಡುವು ಮುಂದಿನ ತಿಂಗಳು ಅಂದ್ರೆ ರಿಸ್ಕ್ ತಗೋಬೇಡಿ. ಸ್ಯಾಂಕ್ಷನ್ ಆಗಿರೋದನ್ನ ತಗೊಂಡು ರಿಜಿಸ್ಟ್ರೇಷನ್ ಮುಗಿಸಿ, ಆಮೇಲೆ ನಿಮ್ಮ ಬ್ಯಾಂಕ್‌ಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ, ಅಂದ್ರೆ ಉಳಿದ ಸಾಲ ಅಲ್ಲಿಗೆ ವರ್ಗಾಯಿಸ್ಕೊಳ್ಳಿ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲಕ್ಕೆ ಫೋರ್‌ಕ್ಲೋಷರ್ ಚಾರ್ಜ್ (ಅವಧಿಗೆ ಮೊದಲೇ ಸಾಲ ತೀರಿಸಿದ್ರೆ ಹಾಕೋ ಶುಲ್ಕ) ಹಾಕೋ ಹಾಗಿಲ್ಲ.

ಶಿವಮೊಗ್ಗದಿಂದ, ಮತ್ತೆ:

ಹಾಸನದವರೇ, ಚಾರ್ಜ್ ಇಲ್ಲ ನಿಜ, ಖರ್ಚು ಇಲ್ಲ ಎಂದಲ್ಲ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ, ಮತ್ತೆ ಲೀಗಲ್, ಮತ್ತೆ ವ್ಯಾಲ್ಯುಯೇಷನ್, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮತ್ತೊಮ್ಮೆ ಎಂಒಡಿಟಿ (ಮನೆ ಪತ್ರಗಳನ್ನು ಬ್ಯಾಂಕಿಗೆ ಒತ್ತೆ ಇಟ್ಟ ದಾಖಲೆ) ಮಾಡಿಸಿ ಅದರ ಸ್ಟಾಂಪ್ ಡ್ಯೂಟಿ. ಜೊತೆಗೆ ಹಳೆಯ ಸಾಲದ ವಿಮೆಗೆ ಕೊಟ್ಟದ್ದು ಪೂರ್ತಿ ವಾಪಸ್ ಬರುವುದು ಅನುಮಾನ.

ಇನ್ನೊಂದು ವ್ಯತ್ಯಾಸವಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಮನೆ ಸಾಲದ ಬಡ್ಡಿಯನ್ನು ರೆಪೋದಂಥ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟಳೆ ಇಲ್ಲ, ಅವರದ್ದೇ ಮೂಲ ದರ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೋ 6.50ರಿಂದ 5.25ಕ್ಕೆ ಇಳಿಯಿತಲ್ಲ, ಅಂಥ ಇಳಿಕೆ ತಾನಾಗಿ ನಿಮ್ಮ ಇಎಂಐಗೆ ಬರಬೇಕಾದರೆ ಬ್ಯಾಂಕಿನಲ್ಲಿರುವುದೇ ವಾಸಿ.

ಗಡುವಿನ ವಿಷಯಕ್ಕೆ ಸುಲಭದ ದಾರಿ ಇದೆ. ಮಾರುವವರ ಹತ್ತಿರ ಹೋಗಿ ಕೂತು ಮಾತಾಡಿ, ಅವಧಿ ವಿಸ್ತರಿಸಿ ಒಂದು ಸಪ್ಲಿಮೆಂಟರಿ ಅಗ್ರಿಮೆಂಟ್ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಗಡುವು ದಾಟಿದರೆ ಅಡ್ವಾನ್ಸ್ ಮುಟ್ಟುಗೋಲು ಎನ್ನುವ ಷರತ್ತು ನಿಮ್ಮ ಅಗ್ರಿಮೆಂಟಿನಲ್ಲಿ ಇದೆಯೋ ಇಲ್ಲವೋ ಇವತ್ತೇ ಓದಿ. ಸಾಲ ಬ್ಯಾಂಕಿನಿಂದ ಬರುತ್ತದೆ ಎಂದು ಗೊತ್ತಿರುವ ಮಾರಾಟಗಾರರು ಸಾಮಾನ್ಯವಾಗಿ ಕೆಲವು ವಾರ ಕೊಡುತ್ತಾರೆ. ಅವರಿಗೂ ಹೊಸ ಗಿರಾಕಿ ಹುಡುಕುವುದು ತಲೆನೋವೇ.

ಮೆಲ್ಬರ್ನ್‌ನಿಂದ:

ಇಲ್ಲಿ ಮನೆ ಸಾಲ ಅಂದ್ರೆ ಮಾರ್ಟ್‌ಗೇಜ್ ಬ್ರೋಕರ್ ಹತ್ರ ಹೋಗೋದೇ ರೂಢಿ. ಅವರಿಗೂ ಕಮಿಷನ್ ಕೊಡೋದು ಬ್ಯಾಂಕೇ. ಆದ್ರೆ 2021ರ ಜನವರಿ 1ರಿಂದ ಗ್ರಾಹಕನ ಹಿತವನ್ನೇ ನೋಡಬೇಕು, ತನ್ನ ಕಮಿಷನ್‌ಗೂ ಅದಕ್ಕೂ ತಾಕಲಾಟ ಬಂದ್ರೆ ಗ್ರಾಹಕನದ್ದೇ ಮುಂದೆ ಅಂತ ಕಾನೂನು ಬಂದಿದೆ. ಆದ್ರೂ ಆಫ್‌ಸೆಟ್ ಅಕೌಂಟ್ (ಅದರಲ್ಲಿಟ್ಟ ಹಣದಷ್ಟು ಸಾಲಕ್ಕೆ ಬಡ್ಡಿ ಬೀಳದ ಖಾತೆ) ಬೇಕು ಅಂದವರಿಗೆ ಅದಿಲ್ಲದ ಸಾಲ ತಂದಿಟ್ಟ ಕಥೆ ನಮ್ಮ ಕನ್ನಡ ಬಳಗದಲ್ಲೇ ಕೇಳಿದ್ದೀನಿ. ವ್ಯತ್ಯಾಸ ಏನಂದ್ರೆ, ಇಲ್ಲಿ ಬ್ರೋಕರ್ ಮೇಲೇ ದೂರು ಕೊಡಬಹುದು. ಮೊದಲು ಅವರ ಸಂಸ್ಥೆಗೆ, ಬಗೆಹರಿಯದಿದ್ರೆ ಹಣಕಾಸು ದೂರು ನೋಡೋ ಎಎಫ್‌ಸಿಎ ಸಂಸ್ಥೆಗೆ. ನಮಗೆ ಖರ್ಚಿಲ್ಲ.

ರಾಜಾಜಿನಗರದಿಂದ, ಮತ್ತೆ:

ದೂರಿನ ವಿಷಯ ಬಂತಲ್ಲ, ನಮ್ಮಲ್ಲಿ ಹೇಗೆ ಅಂತ ಹೇಳಿಬಿಡ್ತೀನಿ. ಬ್ಯಾಂಕ್ ಆದ್ರೆ ಮೊದಲು ಬ್ಯಾಂಕ್‌ಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ರೆ, ಬಂದ ಉತ್ತರ ಸರಿಯಿಲ್ಲದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಸಿಎಂಎಸ್ ಪೋರ್ಟಲ್‌ನಲ್ಲಿ. ವಿಚಾರಿಸೋಕೆ 14448. ಹೌಸಿಂಗ್ ಫೈನಾನ್ಸ್ ಕಂಪನಿ ಆದ್ರೆ ದಾರಿ ಬೇರೆ, ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್. ತಪ್ಪು ಬಾಗಿಲು ತಟ್ಟಿದ್ರೆ ವಾರಗಟ್ಟಲೆ ಹೋಗುತ್ತೆ.

ಸಿಬಿಲ್ ಬಗ್ಗೆ: ನಾಲ್ಕು ಕ್ರೆಡಿಟ್ ಬ್ಯೂರೋಗಳೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಇಬ್ಬರದ್ದೂ ತೆಗೆಸಿ. ಕೊನೆಯ ಪುಟಗಳಲ್ಲಿ ಎನ್‌ಕ್ವೈರಿ ಅಂತ ಇರುತ್ತೆ, ಯಾವ ಕಂಪನಿ, ಯಾವ ತಾರೀಖು, ಎಷ್ಟು ಮೊತ್ತಕ್ಕೆ ಅಂತ. ನೀವು ಖಾಲಿ ಫಾರ್ಮ್‌ಗೆ ಸೈನ್ ಹಾಕಿ ಕೊಟ್ಟಿದ್ರೆ ಅದನ್ನ ಅಳಿಸೋದು ಕಷ್ಟ, ಒಪ್ಪಿಗೆ ಇತ್ತು ಅಂತಾರೆ. ಸೈನೇ ಹಾಕಿಲ್ಲ, ಓಟಿಪಿನೂ ಕೊಟ್ಟಿಲ್ಲ ಅಂದ್ರೆ ಡಿಸ್ಪ್ಯೂಟ್ ಹಾಕಿ. 30 ದಿನದೊಳಗೆ ಬಗೆಹರಿಸದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನೋ ನಿಯಮ ಇದೆ. ಇವೆರಡು ಎನ್‌ಕ್ವೈರಿಯಿಂದ ಸ್ಕೋರ್ ಸ್ವಲ್ಪ ಕೆಳಗೆ ಹೋಗಬಹುದು, ಅದೊಂದಕ್ಕೇ ಸಾಲ ತಪ್ಪೋದು ಕಮ್ಮಿ. ನಿಮ್ಮ ಬ್ಯಾಂಕ್ ಮ್ಯಾನೇಜರ್ ಕೇಳಿದ್ರೆ ಆ ವಿತ್‌ಡ್ರಾ ಮೇಲ್ ತೋರಿಸಿ.

ಕೆಂಗೇರಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಬ್ರಾಂಚ್‌ಗೆ ಹೋಗಿದ್ದೆ. ಅಲ್ಲಿ ನಮ್ಮ ಹೆಸರಲ್ಲಿ ಫೈಲೇ ಇಲ್ಲ, ಲಾಗಿನ್ನೇ ಆಗಿಲ್ಲ! ಓಸಿ, ಇ-ಖಾತಾ ಎರಡೂ ಇದೆ ಅಂದಮೇಲೆ ಮ್ಯಾನೇಜರ್ ನೇರ ಅರ್ಜಿ ಕೊಡಿ ಅಂದ್ರು, 20 ವರ್ಷಕ್ಕೇ ಸಂಬಳ ಸಾಕಂತೆ. ಎರಡೂ ಕಂಪನಿಗೆ ಮೇಲ್ ಹಾಕಿದ್ದೀವಿ. ಒಂದೇ ಅಳುಕು, ಏಜೆಂಟ್ ಹತ್ರ ಸೈನ್ ಹಾಕಿದ ಖಾಲಿ ಚೆಕ್‌ಗಳಿವೆ. ಕೇಳಿದ್ರೆ "ಆಫೀಸಲ್ಲಿದೆ ಸಾರ್" ಅಂತಾರೆ.

ಶಿವಮೊಗ್ಗದಿಂದ:

ಚೆಕ್ ವಾಪಸ್ ಬರಲಿ ಎಂದು ಕಾಯಬೇಡಿ. ಚೆಕ್ ಬುಕ್ಕಿನ ಕೌಂಟರ್‌ಫಾಯಿಲ್‌ನಲ್ಲಿ ನಂಬರ್ ನೋಡಿ ನೆಟ್ ಬ್ಯಾಂಕಿಂಗ್‌ನಲ್ಲೇ ಸ್ಟಾಪ್ ಪೇಮೆಂಟ್ ಕೊಡಿ, ಆಮೇಲೆ ಏಜೆಂಟ್‌ಗೆ ಒಂದು ಸಾಲಿನ ಮೆಸೇಜ್ ಹಾಕಿ ತಿಳಿಸಿ. ಅದೇ ಬ್ರಾಂಚಿನಲ್ಲಿ ನಿಮ್ಮ ಖಾತೆಗೆ ಯಾವುದಾದರೂ ನಾಚ್ ಮ್ಯಾಂಡೇಟ್ ಬಂದು ಕೂತಿದೆಯೇ ಕೇಳಿ, ಇದ್ದರೆ ರದ್ದು ಮಾಡಿಸಿ. ಮತ್ತೆ, ಮಾರುವವರ ಮೂಲ ಪತ್ರ ಏನಾದರೂ ಪರಿಶೀಲನೆಗೆಂದು ಏಜೆಂಟ್ ಕೈಗೆ ಹೋಗಿದೆಯೇ? ಹೋಗಿದ್ದರೆ ನಾಳೆ ಮಾರುವವರನ್ನೂ ಕರೆದುಕೊಂಡು ಹೋಗಿ ತನ್ನಿ. ಬ್ಯಾಂಕಿಗೆ ಕೊಡುವಾಗ ಒಂದೊಂದು ಪತ್ರದ ಹೆಸರೂ ಇರುವ ಪಟ್ಟಿಗೆ ಸೀಲು, ಸಹಿ ಹಾಕಿಸಿಕೊಳ್ಳಿ.